ದೊಡ್ಡತ್ತೆಯ ಮಣ್ಣು, ಮಾವನ ಕಟ್ಟೆ

ನಮ್ಮ ಕಟ್ಟೆಯ ವಿಷಯ ಯಾರು ಕೇಳಿದರೂ ನಾನು ಮೊದಲು ನೀರಿನ ಸುದ್ದಿ ಹೇಳುತ್ತೇನೆ, ಜಗಳದ ಸುದ್ದಿ ಆಮೇಲೆ. ಆ ನೀರಿನ ಋಣದಲ್ಲಿ ಬದುಕಿದವಳು ನಾನು, ಅಷ್ಟು ಮರ್ಯಾದೆಯನ್ನಾದರೂ ಕೊಡಬೇಡವೇ? ಎರಡು ಗುಡ್ಡಗಳ ನಡುವಿನ ಹಳ್ಳಕ್ಕೆ ಅಡ್ಡವಾಗಿ ಮಣ್ಣಿನ ಏರಿ ಹಾಕಿ ನಿಲ್ಲಿಸಿದ ನೀರು ಅದು. ಸರ್ಕಾರದ್ದಲ್ಲ, ಸಂಘದ್ದಲ್ಲ, ನನ್ನ ಮಾವನವರ ಸ್ವಂತದ್ದು. ಈ ದಡದಲ್ಲಿ ಕೂಗಿದರೆ ಆ ದಡಕ್ಕೆ ಕೇಳಿಸುವಷ್ಟು ಅಗಲ, ಅಷ್ಟೇ. ಆದರೆ ಅದರ ಉಪಕಾರ ಮಾತ್ರ ದೊಡ್ಡದು. ನನ್ನ ನರ್ಸರಿಯ ಸಸಿಗಳೆಲ್ಲ ಕುಡಿಯುವುದು ಅದರ ನೀರನ್ನೇ. ಕಟ್ಟೆ ಆದಮೇಲೆ ಬಾವಿಗೆ ಗಿಡ್ಡ ಹಗ್ಗ ಸಾಕಾಯಿತು ಎಂದು ನೆರೆಯವರು ಇಂದಿಗೂ ನೆನೆಯುತ್ತಾರೆ. ರಸ್ತೆಯಾಚೆಯ ಮರದ ಮಿಲ್ಲಿಗೆ ಬೆಂಕಿ ಬಿದ್ದ ದಿನ ಅಗ್ನಿಶಾಮಕದ ಟ್ಯಾಂಕರು ಮತ್ತೆ ಮತ್ತೆ ಬಂದು ತುಂಬಿಸಿಕೊಂಡು ಹೋದದ್ದೂ ಇಲ್ಲಿಂದಲೇ. ಆ ದಳದಲ್ಲಿ ಪಂಪು ನೋಡಿಕೊಳ್ಳುವವರು ನನ್ನ ಗಂಡ. ಊರಿನ ಬೆಂಕಿಯನ್ನೆಲ್ಲ ಆರಿಸುವ ಇವರಿಗೆ ಮನೆಯವರ ನಡುವಿನ ಒಂದು ಬೆಂಕಿಯನ್ನು ಮಾತ್ರ ಆರಿಸಲು ಆಗಿರಲಿಲ್ಲ.

ಆ ಬೆಂಕಿ ಮಾವನಿಗೂ ಅವರ ಅಕ್ಕನಿಗೂ ನಡುವಿನದು. ನನ್ನ ಗಂಡ ಅವರನ್ನು ದೊಡ್ಡತ್ತೆ ಎನ್ನುತ್ತಾರೆ. ಮದುವೆಯಾಗಿ ಬಂದಮೇಲೆ ನಾನೂ ಹಾಗೇ ಕರೆದೆ. ಜಮೀನು ಪಾಲಾದಾಗ ಮೇಲಿನ ಹಳ್ಳದ ಭಾಗ ತಮ್ಮನಿಗೆ ಬಂತು, ಕೆಳಗಿನ ಮನೆ ಮತ್ತು ಹೊಲ ಅಕ್ಕನಿಗೆ. ಲಾರಿ ಓಡಿಸಿ ಓಡಿಸಿ ಸಾಕಾಗಿದ್ದ ಮಾವನಿಗೆ ಒಂದು ಕಡೆ ನಿಲ್ಲುವ ಆಸೆ ಹುಟ್ಟಿತ್ತು. ತಾವು ನಿಂತರೆ ಸಾಲದು, ನೀರೂ ನಿಲ್ಲಬೇಕು ಎಂದು ಕಟ್ಟೆಯ ಹುಚ್ಚು ಹಿಡಿಸಿಕೊಂಡರು. ಆದರೆ ಏರಿಗೆ ಬೇಕಾದ ಜೇಡಿಮಣ್ಣು ಇದ್ದದ್ದು ಅಕ್ಕನ ಹೊಲದಲ್ಲಿ. ಹೋಗಿ ಕೇಳಿದರು. "ಯೋಚನೆ ಮಾಡಿ ಹೇಳ್ತೀನಿ, ಸ್ವಲ್ಪ ತಡಿ" ಎಂದ ದೊಡ್ಡತ್ತೆ ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೋದರು. ಮಾವ ತಡೆಯಲಿಲ್ಲ. ಬುಲ್ಡೋಜರ್ ಬಾಡಿಗೆಗೆ ತಂದು, ಅಕ್ಕ ವಾಪಸಾಗುವಷ್ಟರಲ್ಲಿ ಹೊಲದ ಮೂಲೆಯನ್ನು ಬಗೆದು ಏರಿ ಎಬ್ಬಿಸಿ ನಿಲ್ಲಿಸಿಬಿಟ್ಟರು.

ಮೊಮ್ಮಗಳ ಫೋಟೊ ಹಿಡಿದುಕೊಂಡು ಸಂಭ್ರಮದಿಂದ ಬಂದ ದೊಡ್ಡತ್ತೆ ಹೊಲದ ಗುಂಡಿ ನೋಡಿದರು, ಹಿತ್ತಿಲಾಚೆ ತಲೆ ಎತ್ತಿದ್ದ ಏರಿಯನ್ನು ನೋಡಿದರು.  ಏರಿಯ ಬುಡಕ್ಕೆ ಸರಿಯಾಗಿ ಮುಳ್ಳುತಂತಿಯ ಬೇಲಿ ಹಾಕಿಸಿದರು. ಅಂದಿನಿಂದ ತಮ್ಮನ ಜೊತೆ ಮಾತು ಬಂದ್. "ಕಟ್ಟೆ ಅವನದಂತೆ, ಮಣ್ಣು ಮಾತ್ರ ನಂದು. ನನ್ನ ಮಣ್ಣಲ್ಲೇ ನನ್ನ ನೆತ್ತಿ ಮೇಲೆ ನೀರು ಕೂರಿಸಿದಾನೆ. ಒಡೆದು ಹಾಕೋವರೆಗೂ ಅವನ ಮುಖ ನೋಡಲ್ಲ" ಎಂದು ದಾರಿಯಲ್ಲಿ ಹೋಗುವವರಿಗೂ ಹೇಳುತ್ತಿದ್ದರು.

ನಾನು ಈ ಮನೆಗೆ ಬರುವ ಹೊತ್ತಿಗೆ ಅಕ್ಕ ತಮ್ಮ ಎಣ್ಣೆ ಸೀಗೆಕಾಯಿ ಆಗಿ ಎಷ್ಟೋ ವರ್ಷ ಕಳೆದಿತ್ತು. ಹೊಸ ಸೊಸೆ ಎಂದು ನನಗೆ ಸಿಕ್ಕ ಮೊದಲ ಕೆಲಸ ಇವರಿಬ್ಬರ ನಡುವಿನ ಅಂಚೆಯದು.

"ಅವಳಿಗೆ ಹೇಳಮ್ಮಾ, ಅವಳ ಬೇಲಿ ಕಂಬ ಸೊಟ್ಟಗಾಗಿದೆ ಅಂತ."

"ಅವನಿಗೆ ಹೇಳೇ, ಸೊಟ್ಟಗಿರೋದು ಅವನ ಕಣ್ಣು ಅಂತ."

ನಾನು ಅರ್ಧ ದಾರಿಯಲ್ಲಿ ಮಾತಿನ ಖಾರವನ್ನೆಲ್ಲ ತೆಗೆದು, ಒಂದು ಚಮಚ ಸಕ್ಕರೆ ಹಾಕಿ ತಲುಪಿಸುತ್ತಿದ್ದೆ. "ದೊಡ್ಡತ್ತೆ ಕಂಬ ನೋಡಿಸ್ತಾರಂತೆ, ಮಾವ" ಎನ್ನುತ್ತಿದ್ದೆ. ಇಬ್ಬರೂ ನನ್ನನ್ನು ಒಳ್ಳೆಯ ಹುಡುಗಿ ಎಂದು ಹೊಗಳುತ್ತಿದ್ದರು. ಇಬ್ಬರ ಮೇಲೂ ನನಗೆ ಒಳಗೊಳಗೇ ಮೈ ಉರಿಯುತ್ತಿತ್ತು ಎನ್ನುವುದು ಬೇರೆ ಮಾತು.

ಮಾವ ಕಟ್ಟೆಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ. ದಿನಾ ಬೆಳಿಗ್ಗೆ ಏರಿಯ ಮೇಲೆ ನಡೆಯುತ್ತಾ ಬಿರುಕು ಬಿಟ್ಟಿದೆಯೇ, ಹೆಗ್ಗಣ ಬಿಲ ತೋಡಿದೆಯೇ ಎಂದು ನೋಡುತ್ತಿದ್ದರು. ಮರದ ಸಸಿ ಎಲ್ಲಾದರೂ ತಲೆ ಎತ್ತಿದರೆ ಬೇರು ಏರಿಯೊಳಗೆ ಇಳಿಯುವ ಮೊದಲೇ ಕಿತ್ತೆಸೆಯುತ್ತಿದ್ದರು. ಆದರೆ ಅವರು ನೋಡುತ್ತಿದ್ದದ್ದು ಏರಿಯ ತಲೆಯನ್ನು, ನೀರಿನ ಬದಿಯನ್ನು. ಆಚೆ ಬದಿಯ ಬುಡ ಅಕ್ಕನ ಬೇಲಿಗೆ ಅಂಟಿಕೊಂಡಿತ್ತು. ಅಲ್ಲಿಗೆ ಇಳಿದರೆ ಅಕ್ಕನ ಕಣ್ಣಿಗೆ ಬೀಳಬೇಕು. ಹಾಗಾಗಿ ತಮ್ಮದೇ ಕಟ್ಟೆಯ ಅರ್ಧವನ್ನು ಮಾವ ಕಟ್ಟಿದ ಮೇಲೆ ಒಂದು ದಿನವೂ ಹತ್ತಿರದಿಂದ ಕಂಡವರಲ್ಲ.

ಒಂದು ವರ್ಷ ಸಣ್ಣ ಕಟ್ಟೆಗಳನ್ನೆಲ್ಲ ಪರೀಕ್ಷಿಸುವ ಇಂಜಿನಿಯರ್ ಮೇಡಂ ಬಂದಿದ್ದರು. ಏರಿಯ ಮೇಲೆಲ್ಲ ಓಡಾಡಿ, ನೀರು ಬಿಡುವ ತೂಬಿನ ಚಕ್ರ ತಿರುಗಿಸಿ ನೋಡಿ, "ಕೆಳಗಿನ ಬುಡಾನೂ ನೋಡ್ಬೇಕಲ್ಲ?" ಎಂದರು.

"ಅಲ್ಲೇನೂ ಇಲ್ಲ ಮೇಡಂ, ಬರೀ ಬಾತುಕೋಳಿ" ಎಂದರು ಮಾವ.

ಮೇಡಂ ಮೇಲಿನಿಂದಲೇ ಇಣುಕಿದರು. ಹುಲ್ಲು ಬಿಟ್ಟರೆ ಏನೂ ಕಾಣಲಿಲ್ಲ. ಮುಂದಿನ ಸಲ ಇಳಿದು ನೋಡಲೇಬೇಕು ಎಂದು ಹೇಳಿ, ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದರು. ಮನೆಯಲ್ಲಿ ಮಾತು ಕೇಳಿಸಿಕೊಳ್ಳುವವರು ಯಾರೆಂದು ಅವರಿಗೆ ಅಷ್ಟರಲ್ಲೇ ಗೊತ್ತಾಗಿತ್ತು ಅನ್ನಿಸುತ್ತದೆ.

"ನೋಡಿ, ಮಣ್ಣಿನ ಏರಿ ಅಂದ್ಮೇಲೆ ಒಂದಿಷ್ಟು ಜಿನುಗೋದು ಇದ್ದದ್ದೇ. ತಿಳಿ ನೀರು ಜಿನುಗಿದ್ರೆ ನನಗೆ ಫೋನ್ ಮಾಡಿ. ಕದಡಿದ ನೀರು ಬಂದ್ರೆ ಒಳಗಿನ ಮಣ್ಣು ಕೊಚ್ಚಿಕೊಂಡು ಬರ್ತಿದೆ ಅಂತ ಅರ್ಥ. ಆಗ ಮೊದಲು ಕೆಳಗಿನ ಮನೆಯವರನ್ನ ಹೊರಗೆ ಕಳಿಸಿ, ಆಮೇಲೆ ಫೋನ್ ಮಾಡಿ. ಇನ್ನೊಂದು, ಹೆಚ್ಚಿನ ನೀರು ಹೊರಗೆ ಹೋಗೋ ಕೋಡಿಗೆ ಅಡ್ಡವಾಗಿ ಒಂದು ಕಡ್ಡೀನೂ ಇಡಬೇಡಿ."

ನಾನು ತಲೆಯಾಡಿಸಿದೆ. ಹಿಂದೆ ನಿಂತಿದ್ದ ಮಾವನೂ ತಲೆಯಾಡಿಸಿದರು. ತಲೆ ಆಡಿಸುವುದಕ್ಕೇನು, ಸ್ಪ್ರಿಂಗಿನ ಗೊಂಬೆಯೂ ಆಡಿಸುತ್ತದೆ.

ಇನ್ನು ದೊಡ್ಡತ್ತೆ. ಅವರಿಗೆ ಬಾತುಕೋಳಿಗಳೆಂದರೆ ಪ್ರಾಣ. ಹಾಲಿನಂಥ ಬಿಳಿ ಬಾತುಗಳು, ಒಂದು ಮಚ್ಚೆ ಇರಲಿಲ್ಲ. ಮೊಟ್ಟೆ ತರಲು ನಾನು ಹೋದಾಗಲೆಲ್ಲ ಮುಂಬಾಗಿಲಲ್ಲೇ ಒಂದು ಕಂತೆ ಸೊಪ್ಪನ್ನೂ ಕೈಗಿಡುತ್ತಿದ್ದರು. ಬಿರು ಬೇಸಿಗೆಯಲ್ಲೂ ನಳನಳಿಸುವ ಸೊಪ್ಪು.

"ಈ ಬಿಸಿಲಲ್ಲಿ ಇದು ಹೇಗೆ ಬೆಳೀತು ದೊಡ್ಡತ್ತೆ? ನರ್ಸರಿ ಇಟ್ಕೊಂಡಿರೋ ನನಗೇ ಆಗಲ್ಲ."

"ಕೈಗುಣ ಕಣೇ, ಕೈಗುಣ" ಎಂದು ನಗುತ್ತಿದ್ದರು. ಹಿತ್ತಿಲಿಗೆ ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ. ವಯಸ್ಸಾದವರ ಗುಟ್ಟು, ಇರಲಿ ಎಂದು ನಾನೂ ಕೆದಕಲಿಲ್ಲ.

ಮರುವರ್ಷ ಮಳೆ ಚೆನ್ನಾಗಿ ಹಿಡಿಯಿತು. ಕಟ್ಟೆ ತುಂಬಿತು. ಮಳೆ ಬಿಟ್ಟು ಬಿಸಿಲು ಬಿದ್ದ ಒಂದು ಬೆಳಿಗ್ಗೆ ಮೊಟ್ಟೆ ತರಲು ಹೋದೆ. ಗೇಟಿನ ಹತ್ತಿರ ಬಾತುಗಳು ಸಾಲಾಗಿ ಎದುರಾದವು. ಅವುಗಳ ಹೊಟ್ಟೆಯೆಲ್ಲ ಚಹಾದಲ್ಲಿ ಅದ್ದಿ ತೆಗೆದ ಹಾಗೆ ಕೆಂಪಗಾಗಿತ್ತು.

"ಏನು ದೊಡ್ಡತ್ತೆ, ಇವಕ್ಕೆ ಬಣ್ಣ ಬಳಿದಿದೀರಾ?"

ದೊಡ್ಡತ್ತೆಯ ಮುಖ ಅರಳಿತ್ತು. ಅಷ್ಟು ಖುಷಿಯಾಗಿ ನಾನು ಅವರನ್ನು ಕಂಡೇ ಇರಲಿಲ್ಲ. "ಬಾ ಇಲ್ಲಿ, ಇವತ್ತು ನಿನಗೆ ತೋರಿಸ್ತೀನಿ" ಎಂದು ಕೈ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದರು.

ಬೇಲಿಗೆ ತಾಗಿದಂತೆ ಒಂದು ಸೊಪ್ಪಿನ ಮಡಿ, ಮಡಿಯ ಪಕ್ಕದಲ್ಲಿ ಒಂದು ಸಣ್ಣ ಹೊಂಡ. ಏರಿಯ ಬುಡದಲ್ಲಿ ಮುಷ್ಟಿ ಗಾತ್ರದ ಒಂದು ತೂತಿನಿಂದ ನೀರು ಬುಳುಬುಳು ಎಂದು ಎದ್ದು ಹೊಂಡಕ್ಕೆ ಹರಿಯುತ್ತಿತ್ತು. ಕೆಂಪು ನೀರು. ಬಾಯಿಯ ಸುತ್ತ ನುಣ್ಣನೆಯ ಮಣ್ಣು ಗುಪ್ಪೆ ಕಟ್ಟಿತ್ತು.

"ಇಷ್ಟು ವರ್ಷ ತಿಳಿ ನೀರು ಜಿನುಗ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದ್ರೆ ಅವನು ಬಂದು ಮುಚ್ಚಿಬಿಡ್ತಿದ್ದ, ನನ್ನ ಬಾತುಗಳು ಎಲ್ಲಿಗೆ ಹೋಗ್ಬೇಕು? ನಿನ್ನೆಯಿಂದ ನೋಡು, ನನ್ನ ಮಣ್ಣೇ ಬರ್ತಿದೆ! ಕದ್ದುಕೊಂಡು ಹೋಗಿದ್ನಲ್ಲ, ಈಗ ತಾನಾಗೇ ನನ್ನ ಹಿತ್ತಿಲಿಗೆ ವಾಪಸ್ ಬರ್ತಿದೆ. ಬರಲಿ, ಎಲ್ಲಾ ಬರಲಿ!"

ಮೇಡಂ ಹೇಳಿದ್ದ ಕದಡಿದ ನೀರು ಇದೇ. ಆ ಹೊಂಡಕ್ಕೂ ದೊಡ್ಡತ್ತೆಯ ಅಡುಗೆಮನೆಯ ಕಿಟಕಿಗೂ ನಡುವೆ ಒಂದು ಬಟ್ಟೆ ಒಣಗಿಸುವ ಹಗ್ಗ ಮಾತ್ರ ಇತ್ತು. ತಲೆಯ ಮೇಲೆ ತುಂಬಿ ನಿಂತ ಕಟ್ಟೆ.

"ದೊಡ್ಡತ್ತೆ, ಚಪ್ಪಲಿ ಹಾಕ್ಕೊಳ್ಳಿ. ಈಗಲೇ ಗುಡ್ಡದ ಮೇಲೆ ನಮ್ಮನೆಗೆ ನಡೀರಿ. ಏರಿ ಒಳಗಿಂದ ಟೊಳ್ಳಾಗ್ತಿದೆ."

"ನಾನು ಅವನ ಮನೆಗೆ? ನಿನಗೆ ತಲೆ ಸರಿ ಇದೆಯಾ?"

ಕೈ ಹಿಡಿದು ಎಳೆದೆ, ಬರಲಿಲ್ಲ. ಬೇಡಿಕೊಂಡೆ, ಬರಲಿಲ್ಲ. ಬಂಡೆಯನ್ನಾದರೂ ಸರಿಸಬಹುದಿತ್ತು. ಒಂದು ಕೈಯಲ್ಲಿ ಅವರ ತೋಳು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮೇಡಂಗೆ ಫೋನ್ ಮಾಡಿದೆ, ಆಮೇಲೆ ಗಂಡನಿಗೆ. ಫೋನಿಟ್ಟು ಏರಿಯ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದೆ.

"ಮಾವಾ! ಕೆಂಪು ನೀರು ಬರ್ತಿದೆ! ದೊಡ್ಡತ್ತೆ ಮನೆ ಬಿಟ್ಟು ಕದಲ್ತಿಲ್ಲ!"

ಈ ಸಲ ಮಾತಿಗೆ ಸಕ್ಕರೆ ಹಾಕಲು ನನಗೆ ಪುರುಸೊತ್ತಿರಲಿಲ್ಲ.

ಏರಿಯ ಮೇಲೆ ಮಾವನ ತಲೆ ಕಾಣಿಸಿತು. ಒಂದು ಕ್ಷಣ ಕೆಳಗೆ ನೋಡಿದವರು ಅಷ್ಟು ಇಳಿಜಾರಿನಲ್ಲಿ ಕೂತು ಜಾರಿಕೊಂಡೇ ಬಂದರು. ಬೇಲಿಯ ತಂತಿಗಳ ನಡುವೆ ತೂರಿಕೊಂಡರು. ಅಂಗಿ ಪರ್ರೆಂದು ಹರಿಯಿತು. ಕೆಂಪು ನೀರನ್ನು ಕಂಡದ್ದೇ ನೇರ ಅಕ್ಕನ ಹತ್ತಿರ ಬಂದರು. ಲಾರಿಯಲ್ಲಿ ದೇಶವೆಲ್ಲ ಸುತ್ತಿದ ಮನುಷ್ಯ, ಅಕ್ಕನ ಎದುರು ಶಾಲೆಯ ಹುಡುಗನ ಹಾಗೆ ನಿಂತರು.

"ಅಕ್ಕಾ, ಮೇಲೆ ಬಾ."

ದೊಡ್ಡತ್ತೆ ನನ್ನ ಕಡೆ ತಿರುಗಿದರು. "ಅವನಿಗೆ ಹೇಳೇ, ನನ್ನ ಹಿತ್ತಿಲಲ್ಲಿ ನನ್ನ ಮಣ್ಣು ನೋಡ್ತಾ ನಿಂತಿದೀನಿ ಅಂತ."

ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು. "ಮಣ್ಣು ನಿಂದೇ ಅಕ್ಕಾ. ನೀನು ಇಲ್ಲದಿರೋವಾಗ ಕದ್ದೆ. ತಪ್ಪು ನಂದೇ. ಇಡೀ ಕಟ್ಟೆ ಬೇಕಾದ್ರೆ ತಗೋ, ಒಡೆದು ಹಾಕು. ಈಗ ಮಾತ್ರ ಬಾ. ನಿನ್ನನ್ನ ಇಲ್ಲಿ ಬಿಟ್ಟು ನಾನು ಹೋಗಲ್ಲ."

ದೊಡ್ಡತ್ತೆ ಅವರನ್ನು ನೋಡುತ್ತಲೇ ಇದ್ದರು. ಹರಿದ ಅಂಗಿ, ಮಣ್ಣು ಮೆತ್ತಿದ ಪೈಜಾಮ. ಮುಖ ಊದಿಸಿಕೊಂಡೇ ಕೇಳಿದರು, "ಬಾತುಕೋಳಿ?"

ಮಾವ ಎರಡು ಕಂಕುಳಲ್ಲಿ ಎರಡು ಬಾತು ಇರುಕಿಕೊಂಡರು. ನಾನು ಉಳಿದವುಗಳನ್ನು ಅಟ್ಟಿಕೊಂಡು ಹೊರಟೆ. ದೊಡ್ಡತ್ತೆ ಮೊಮ್ಮಗಳ ಫೋಟೊ ಎದೆಗವಚಿಕೊಂಡು ಗುಡ್ಡ ಹತ್ತಿದರು. ದಾರಿಯುದ್ದಕ್ಕೂ ಒಂದು ಬಾತು ಮಾವನ ಕಿವಿ ಕುಕ್ಕುತ್ತಿತ್ತು. ಅವರು ಕಮಕ್ ಕಿಮಕ್ ಅನ್ನಲಿಲ್ಲ.

ಅಕ್ಕನನ್ನು ನಮ್ಮ ಜಗುಲಿಯಲ್ಲಿ ಕೂರಿಸಿದ್ದೇ ತಡ ಮಾವ ಗುದ್ದಲಿ ಹಿಡಿದು ಕೆಳಗೆ ಓಡಿದರು. ಜೇಡಿಮಣ್ಣು ತುಂಬಿ ಆ ಬಾಯಿ ಮುಚ್ಚಿಬಿಡುತ್ತೇನೆ ಎಂದರು. ಬೆನ್ನಿಗೇ ಓಡಿದ ನಾನು ಮೇಡಂಗೆ ಮತ್ತೆ ಫೋನ್ ಮಾಡಿ ಹೇಳಿದಾಗ ಅವರು ಕಿರುಚಿದ್ದು ಹಿತ್ತಿಲಿಗೆಲ್ಲ ಕೇಳಿಸಿತು.

"ಮುಚ್ಚಬೇಡಿ! ಅಲ್ಲಿ ಮುಚ್ಚಿದ್ರೆ ಪಕ್ಕದಲ್ಲಿ ಬಾಯಿ ಬಿಡುತ್ತೆ. ನೀರು ಬರಲಿ, ಮಣ್ಣು ಬರಬಾರದು, ಅಷ್ಟೇ. ದಪ್ಪ ಮರಳು ಸುರೀರಿ, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು. ಒಬ್ಬರು ಏರಿ ಮೇಲೇ ಕಣ್ಣಿಟ್ಟಿರಿ. ನೀರಿನ ರಭಸ ಹೆಚ್ಚಾದ್ರೆ ಎಲ್ಲಾ ಬಿಟ್ಟು ಓಡಿ."

ನರ್ಸರಿಯಲ್ಲಿ ಮರಳಿಗೂ ಜಲ್ಲಿಗೂ ಬರವೇ? ಸಸಿಗಳಿಗೆಂದು ತರಿಸಿದ್ದ ರಾಶಿಯನ್ನು ತಳ್ಳುಗಾಡಿಯಲ್ಲಿ ತುಂಬಿ ತುಂಬಿ ತಂದೆ. ದಾರಿಗೆ ಅಡ್ಡ ಬಂದ ಬೇಲಿಯನ್ನು ಮಾವ ಕತ್ತರಿಸಿ ಎಸೆದರು. ಅಷ್ಟರಲ್ಲಿ ಗಂಟೆ ಬಾರಿಸುತ್ತಾ ಅಗ್ನಿಶಾಮಕದ ಗಾಡಿ ಬಂತು. ನನ್ನ ಗಂಡ, ಅವರ ಜೊತೆ ಇಡೀ ದಳ. ಇವರು ಪಂಪು ಇಳಿಸಿ ನೀರಿನ ಮಟ್ಟ ನೋಡಲು ಕೋಡಿಯ ಕಡೆ ಹೋದವರು ಅಲ್ಲಿಂದಲೇ ಕೂಗಿದರು.

"ಅಪ್ಪಾ, ಇದೇನಿದು?"

ನಾನು ಜಲ್ಲಿಯ ಪುಟ್ಟಿ ಹಿಡಿದುಕೊಂಡೇ ಮಾವನ ಹಿಂದೆ ಓಡಿದೆ. ಕೋಡಿಗೆ ಅಡ್ಡವಾಗಿ ಗಟ್ಟಿ ತಂತಿಬಲೆ ಬಿಗಿದಿತ್ತು. ಮಳೆಗೆ ಕೊಚ್ಚಿ ಬಂದ ಎಲೆ, ಕಡ್ಡಿ, ಪ್ಲಾಸ್ಟಿಕ್ಕು ಎಲ್ಲ ಅದಕ್ಕೆ ಮೆತ್ತಿಕೊಂಡು ಗೋಡೆಯಾಗಿತ್ತು. ಹೊರಗೆ ಹೋಗಬೇಕಾದ ನೀರು ಹೋಗದೆ ಕಟ್ಟೆ ಎಂದಿಗಿಂತ ಮೇಲೆ ನಿಂತು, ಆ ಭಾರವೆಲ್ಲ ಕೆಳಗಿನ ಜಿನುಗಿನ ಮೇಲೆ ಬಿದ್ದಿತ್ತು.

"ಹೋದ ವರ್ಷ ಮೀನೆಲ್ಲ ಕೋಡಿ ಹಾರಿ ಹೋದ್ವು" ಎಂದರು ಮಾವ, ಸಣ್ಣ ದನಿಯಲ್ಲಿ. "ಅದಕ್ಕೇ..."

ನನಗೆ ತಡೆಯಲಾಗಲಿಲ್ಲ. ಜಲ್ಲಿಯ ಪುಟ್ಟಿ ನೆಲಕ್ಕೆ ಎಸೆದು, ಗುಡ್ಡದ ಮೇಲಿನ ಜಗುಲಿಗೂ ಕೇಳುವ ಹಾಗೆ ಹೇಳಿದೆ. "ಒಬ್ಬರು ಮೀನಿಗೋಸ್ಕರ ಮೇಲಿನ ದಾರಿ ಕಟ್ಟಿದೀರಿ, ಇನ್ನೊಬ್ಬರು ಬಾತಿಗೋಸ್ಕರ ಕೆಳಗಿನ ತೂತು ಮುಚ್ಚಿಟ್ಟಿದೀರಿ. ಒಂದು ದಿನ, ಒಂದೇ ಒಂದು ದಿನ ನೀವಿಬ್ಬರೂ ಮಾತಾಡಿದ್ರೆ ಇದು ಆಗ್ತಿತ್ತಾ? ಮನುಷ್ಯರಾ ನೀವು?"

ಮಾವನ ಎದುರು ದನಿ ಎತ್ತಿದ್ದು ಅದೇ ಮೊದಲು. ಅಗ್ನಿಶಾಮಕದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡು ನಿಂತರು.  ಜಗುಲಿಯಲ್ಲಿ ಬಾತುಗಳು ಕಿರುಚುತ್ತಿದ್ದವು.

ಬಲೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿದರು. ತೂಬು ತೆರೆದರು. ಪಂಪಿನ ನೀರನ್ನು ಏರಿಗೆ ತಾಗದಂತೆ ದೂರದ ಬಂಡೆಗಳ ಮೇಲೆ ಬಿಟ್ಟರು. ಒಮ್ಮೆಲೇ ಖಾಲಿ ಮಾಡಿದರೆ ನೀರಿನ ಬದಿಯ ಮಣ್ಣು ಕುಸಿಯುತ್ತದೆ, ನಿಧಾನವಾಗಿ ಇಳಿಸಿ ಎಂದು ಮೇಡಂ ಹೇಳಿದ್ದರು. ನಾನು ಮರಳು, ಜಲ್ಲಿ ಸುರಿಯುತ್ತಲೇ ಇದ್ದೆ. ರಟ್ಟೆ ಬಿದ್ದುಹೋಯಿತು. ಮಧ್ಯಾಹ್ನ ಮೇಡಂ ಬಂದು ಹೊಂಡದ ಪಕ್ಕ ಕುಕ್ಕರಗಾಲಲ್ಲಿ ಕೂತರು. ಜಲ್ಲಿಯ ಸಂದಿಯಿಂದ ಬರುತ್ತಿದ್ದ ನೀರನ್ನು ಬಹಳ ಹೊತ್ತು ನೋಡಿದರು. ಕೆಂಪು ಹೋಗಿ ಮಸುಕಾಯಿತು, ಮಸುಕು ಹೋಗಿ ತಿಳಿಯಾಯಿತು. ಅಂಗೈಯಲ್ಲಿ ಹಿಡಿದು ನಮಗೆಲ್ಲ ತೋರಿಸಿದರು. ಅಂಗೈಯ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ನಾನು ಅಲ್ಲೇ ಕೆಸರಿನಲ್ಲಿ ಕೂತು ಅತ್ತುಬಿಟ್ಟೆ.

ಅಗ್ನಿಶಾಮಕದವರು ಹೊರಡುವಾಗ ದಳದ ಹಿರಿಯರಿಗೆ ಕೈ ಮುಗಿದೆ. ಏನು ಹೇಳಿದರೂ ಕಡಿಮೆಯೇ ಅನ್ನಿಸಿತು. ಅವರು ನಕ್ಕರು. "ಮಿಲ್ಲು ಉರಿದ ದಿನ ಈ ನೀರು ಇಲ್ಲದಿದ್ರೆ ಪಕ್ಕದ ಮನೆಗಳೂ ಹೋಗ್ತಿದ್ವು ಅಮ್ಮಾ. ಆವತ್ತು ನಿಮ್ಮ ಕಟ್ಟೆ ನಮ್ಮ ನೆರವಿಗೆ ಬಂತು, ಇವತ್ತು ನಾವು ಬಂದ್ವಿ." ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಆ ದಿನ ಬಂದ ಒಬ್ಬೊಬ್ಬರನ್ನೂ ಊಟಕ್ಕೆ ಕೂರುವ ಮುಂಚೆ ಒಮ್ಮೆ ನೆನೆದುಕೊಳ್ಳುತ್ತೇನೆ.

ನೀರು ಇಳಿದು ಅಪಾಯ ಕಳೆಯುವವರೆಗೂ ದೊಡ್ಡತ್ತೆ ನಮ್ಮ ಮನೆಯಲ್ಲೇ ಇದ್ದರು. ಇದ್ದರು ಎಂದರೆ ಇದ್ದರು, ಅಷ್ಟೇ. ಒಂದೇ ಮೇಜಿನಲ್ಲಿ ಊಟ, ಆದರೂ "ಅವನಿಗೆ ಹೇಳೇ, ಉಪ್ಪು ಈ ಕಡೆ ತಳ್ಳು ಅಂತ" ಎನ್ನುವುದು ಮಾತ್ರ ನಿಂತಿರಲಿಲ್ಲ. ಅಕ್ಕ ಕೂಗಿದ ಕೂಡಲೇ ಮಾವ ಉಪ್ಪು ತಳ್ಳುತ್ತಿದ್ದರು. ಬಾತುಗಳು ಹೂಕುಂಡಗಳ ನಡುವೆ ಓಡಾಡಿ ನನ್ನ ಸಸಿಗಳನ್ನು ಧ್ವಂಸ ಮಾಡಿದವು. ಮಾಡಲಿ ಎಂದುಕೊಂಡೆ, ಅವುಗಳ ಹೊಟ್ಟೆ ಕೆಂಪಗಾಗದಿದ್ದರೆ ದೊಡ್ಡತ್ತೆ ಉಳಿಯುತ್ತಿರಲಿಲ್ಲ.

ಮಳೆಗಾಲ ಕಳೆದಮೇಲೆ ಮೇಡಂ ಕೆಲಸದವರ ಜೊತೆ ಬಂದು ತೂಬಿನ ಕೊಳವೆಯ ಉದ್ದಕ್ಕೂ ಅಗೆಸಿದರು. ನಾವೆಲ್ಲ ಏರಿಯ ಬುಡದಲ್ಲಿ ನಿಂತಿದ್ದೆವು, ದೊಡ್ಡತ್ತೆಯೂ. ಕೊಳವೆಯ ಪಕ್ಕದ ಮಣ್ಣನ್ನು ಮೇಡಂ ಬೆರಳಿನಿಂದ ಒತ್ತಿದರು. ಬೆರಳು ಸಲೀಸಾಗಿ ಒಳಗೆ ಹೋಯಿತು.

"ಉಳಿದ ಏರಿ ಗಟ್ಟಿಯಾಗಿದೆ. ಇಲ್ಲಿ ಮಾತ್ರ ಮಣ್ಣು ಸರಿಯಾಗಿ ಬಡಿದು ದಮ್ಮಸ್ಸು ಮಾಡಿಲ್ಲ. ನೀರು ಕೊಳವೆ ಹಿಡಿದುಕೊಂಡೇ ದಾರಿ ಮಾಡಿದೆ. ಇದನ್ನ ತುಂಬಿದವರು ಬಹಳ ಅವಸರದಲ್ಲಿ ಇದ್ದಿರಬೇಕು."

"ಕದ್ದ ಮಾಲಲ್ವಾ" ಎಂದರು ದೊಡ್ಡತ್ತೆ ಆಕಾಶ ನೋಡುತ್ತಾ. "ಅವಸರ ಇರುತ್ತೆ."

ಕೆಲಸದವರು ನಕ್ಕರು. ಮಾವನೂ ನಕ್ಕುಬಿಟ್ಟರು, ಕಿವಿ ಕೆಂಪಗಾಗಿತ್ತು.

ಮೇಡಂ ನಗಲಿಲ್ಲ. ಎರಡು ದಾರಿ ಇದೆ ಎಂದರು. ಒಂದು, ಏರಿಯನ್ನು ಪೂರ್ತಿ ಒಡೆದು ಹಳ್ಳವನ್ನು ಮೊದಲಿನಂತೆ ಹರಿಯಲು ಬಿಡುವುದು. ಆಗ ಯಾರಿಗೂ ಭಯವಿಲ್ಲ. ಇನ್ನೊಂದು, ಕೊಳವೆಯ ಸುತ್ತ ಮತ್ತೆ ಕಟ್ಟಿ, ಕೋಡಿ ಅಗಲ ಮಾಡಿ, ನೀರಿನ ಮಟ್ಟ ಇಳಿಸಿ, ಬುಡದಲ್ಲಿ ಮರಳು ಜಲ್ಲಿಯ ಕಾಲುವೆ ಇಟ್ಟು ಜಿನುಗಿದ ನೀರು ಕಣ್ಣಿಗೆ ಕಾಣುವಂತೆ ಹೊರಗೆ ಬಿಡುವುದು. "ಆದರೆ ಇಷ್ಟು ಮಾಡಿದ್ರೂ ದಿನಾ ಎರಡೂ ಬದಿ ನೋಡ್ಬೇಕು. ಕೆಳಗಡೆಯಿಂದ ನೋಡೋರು ಇಲ್ಲ ಅಂದ್ರೆ ಒಡೆಯೋದೇ ಒಳ್ಳೇದು. ಕಟ್ಟೆ ನಿಮ್ಮದು, ನೀವೇ ಹೇಳಿ."

ಮಾವ ತಲೆ ತಗ್ಗಿಸಿದರು. "ನಾನು ಹೇಳಲ್ಲ ಮೇಡಂ. ಅದರ ಕೆಳಗೆ ಮಲಗೋಳು ಅಕ್ಕ. ಅವಳು ಒಡಿ ಅಂದ್ರೆ ಇವತ್ತೇ ಒಡೆಸಿ."

 ಕಟ್ಟೆ ಹೋದರೆ ನರ್ಸರಿ ಹೋಯಿತು, ಬಾವಿಗಳು ಹೋದವು. ಆದರೂ ಬಾಯಿ ಬಿಡಲಿಲ್ಲ. ಒಡೆಯಬೇಡಿ ಎಂದು ಅವರನ್ನು ಕೇಳುವ ಹಕ್ಕು ನನಗೆಲ್ಲಿತ್ತು? ಒಡೆಯಿರಿ ಎಂದು ಇಷ್ಟು ವರ್ಷ ಬಾಯಿ ಬಡಿದುಕೊಂಡವರ ಕೈಗೇ ಈಗ ಗುದ್ದಲಿ ಬಂದಿತ್ತು.

ದೊಡ್ಡತ್ತೆ ಅಗೆದ ಗುಂಡಿಯ ಅಂಚಿಗೆ ಹೋದರು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಮುಷ್ಟಿಯಲ್ಲಿ ಒತ್ತಿದರು. ಉಂಡೆಯಾಯಿತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮಣ್ಣು ಒಳ್ಳೇದೇ ಇದೆ" ಎಂದರು. "ಈ ಸಲ ಅವಸರ ಮಾಡದೆ ಕಟ್ಟಲಿ. ಕೆಳಗಿಂದ ದಿನಾ ನಾನು ನೋಡ್ತೀನಿ. ಆದ್ರೆ ಒಂದು ಷರತ್ತು. ನೋಡಿದ್ದನ್ನ ಇವಳ ಕೈಲಿ ಹೇಳಿ ಕಳಿಸಲ್ಲ. ಅವನೇ ಬಂದು ಕೇಳ್ಬೇಕು."

ಬೇಸಿಗೆಯೆಲ್ಲ ಕೆಲಸ ನಡೆಯಿತು. ಕತ್ತರಿಸಿದ ಬೇಲಿಯನ್ನು ಮತ್ತೆ ಬಿಗಿಯುವ ಮಾತನ್ನು ಯಾರೂ ಎತ್ತಲಿಲ್ಲ. ಮೊದಲ ಮಳೆಗೆ ಕಟ್ಟೆಯಲ್ಲಿ ಮತ್ತೆ ನೀರು ನಿಂತಿತು.  ಮರುದಿನ ಬೆಳಿಗ್ಗೆ ಮಾವ ಏರಿಯ ಮೇಲೆ ನಡೆದು ಮುಗಿಸಿ, ಗುಡ್ಡದ ಬದಿಯಿಂದ ಕೆಳಗೆ ಇಳಿದರು. ನಾನು ದೊಡ್ಡತ್ತೆಯ ಮನೆ ಕಡೆಗಿರುವ ನರ್ಸರಿಯ ಅಂಚಿನಲ್ಲಿ ಸಸಿಗೆ ನೀರು ಹಾಕುವ ನೆಪದಲ್ಲಿ ಕಿವಿ ಅಲ್ಲೇ ಇಟ್ಟಿದ್ದೆ. ಮಾವ ದೊಡ್ಡತ್ತೆಯ ಮನೆಯ ಮುಂದೆ ಹೋಗಿ ನಿಂತರು. ಅಂಗಿಯ ಕಾಲರ್ ಸರಿಮಾಡಿಕೊಂಡರು. ಕೆಮ್ಮಿದರು. ನನ್ನ ಕಡೆ ಒಮ್ಮೆ ನೋಡಿದರು. ನಾನು ಬೇಕೆಂದೇ ಬೆನ್ನು ತಿರುಗಿಸಿದೆ.

"ಅಕ್ಕಾ" ಎಂದರು ಕೊನೆಗೆ. "ನೀರು ಹೇಗಿದೆ?"

ಒಳಗಿನಿಂದ ದೊಡ್ಡತ್ತೆಯ ಉತ್ತರ ಬಂತು.

"ಬಾಗಿಲಲ್ಲಿ ನಿಂತು ಕೇಳಿದ್ರೆ ಹೇಳಲ್ಲ. ಒಳಗೆ ಬಾ."

ಮಾವ ಚಪ್ಪಲಿ ಬಿಟ್ಟು ಒಳಗೆ ಹೋದರು.